ಸ್ಕಾಲರ್‌ಶಿಪ್ ಬರುತ್ತೆ, ಫೀಸು ಕಟ್ಟುವ ದಿನಕ್ಕೆ ಮಾತ್ರ ಬರಲ್ಲ

ಸಂಪಾದಕರಿಗೆ ನಮಸ್ಕಾರ.

ಪಿಯುಸಿ ರಿಸಲ್ಟ್ ಬಂದ ವಾರ ನಿಮ್ಮ ಜಿಲ್ಲಾ ಪುಟ ನೋಡುವುದೇ ಒಂದು ಖುಷಿ. ಗಾರೆ ಕೆಲಸದವರ ಮಗ, ಹೂ ಮಾರುವವರ ಮಗಳು, 98 ಪರ್ಸೆಂಟ್, ಬಾಯಿಗೆ ಸಿಹಿ ಇಡುತ್ತಿರುವ ಅಪ್ಪ ಅಮ್ಮ. ಕೆಳಗೆ ಓದಿಗೆ ನೆರವು ಕೊಡುವವರಿಗಾಗಿ ಬ್ಯಾಂಕ್ ಖಾತೆಯ ನಂಬರ್. ಎಷ್ಟೋ ಜನ ದುಡ್ಡು ಹಾಕುತ್ತಾರೆ, ಮುಖಂಡರು ಮನೆಗೇ ಬಂದು ಶಾಲು ಹೊದಿಸುತ್ತಾರೆ. ಒಳ್ಳೇದೇ. ಅದನ್ನು ನಿಲ್ಲಿಸಿ ಅಂತ ನಾನು ಬರೆಯುತ್ತಿಲ್ಲ. ಆದರೆ ಅದೇ ಕ್ಲಾಸಿನಲ್ಲಿ 71, 65, 58 ತೆಗೆದವರೂ ಇರುತ್ತಾರಲ್ಲ, ಅವರ ಮನೆಯ ಕಷ್ಟವೂ ಅಷ್ಟೇ ಇರುತ್ತದೆ. ಅವರ ಫೋಟೊ ಯಾರೂ ತೆಗೆಯುವುದಿಲ್ಲ. ಅವರು ಡಿಗ್ರಿಗೆ ಸೇರಿದರೋ ಅಥವಾ ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದ ಕಡೆ ಹೋಗುವ ಫ್ಯಾಕ್ಟರಿ ಬಸ್ಸು ಹತ್ತಿದರೋ ಅಂತ ಕೇಳುವವರೂ ಇಲ್ಲ.

ನಾನು ಆ 71ರ ಗುಂಪಿನವಳು. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು, ಅಮ್ಮ ಶಾಲೆಯ ಮುಖ ನೋಡಿದವರಲ್ಲ. ಸ್ವಂತ ಜಮೀನಿಲ್ಲ, ಬೇರೆಯವರ ಹಿಪ್ಪುನೇರಳೆ ತೋಟದಲ್ಲಿ ಪಾಲಿಗೆ ರೇಷ್ಮೆ ಹುಳು ಸಾಕುತ್ತಾರೆ. ನಾನೀಗ ಬಿ.ಎಸ್ಸಿ. ಕೊನೇ ಸೆಮಿಸ್ಟರ್. ನಮ್ಮ ಮನೆತನದಲ್ಲಿ ಡಿಗ್ರಿ ಕಾಲೇಜಿಗೆ ಹೋದವಳು ನಾನೇ ಮೊದಲು. ಸೆಮಿಸ್ಟರ್ ಅಂದರೆ ಏನು, ಇಂಟರ್ನಲ್ಸ್ ಅಂದರೆ ಏನು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. "ಇನ್ನೂ ಎಷ್ಟು ಕ್ಲಾಸು ಉಳೀತಮ್ಮ?" ಅಂತ ಅಪ್ಪ ಆಗಾಗ ಕೇಳುತ್ತಾರೆ. ಹಬ್ಬಕ್ಕೆ ಬಂದ ಅತ್ತೆ ಅದನ್ನೇ ಬೇರೆ ರಾಗದಲ್ಲಿ ಕೇಳುತ್ತಾರೆ, ಅವರ ಕೈಯಲ್ಲಿ ಒಂದು ಗಂಡಿನ ವಿವರ ರೆಡಿ ಇರುತ್ತದೆ.

ಹೇಳಬೇಕಾದ ವಿಷಯ ಒಂದೇ. ಬಡವರ ಮಕ್ಕಳು ಓದುವುದಕ್ಕೆ ಯೋಜನೆಗಳಿಲ್ಲ ಅನ್ನುವುದು ಸುಳ್ಳು. ಬೇಕಾದಷ್ಟು ಇವೆ. ಆದರೆ ದುಡ್ಡು ಬೇಕಾಗುವುದು ಒಂದು ತಿಂಗಳಲ್ಲಿ, ಅದು ಬರುವುದು ಇನ್ನೊಂದು ತಿಂಗಳಲ್ಲಿ. ಎಷ್ಟೋ ಸಲ ಇನ್ನೊಂದು ವರ್ಷದಲ್ಲಿ. ಆ ನಡುವಿನ ಗ್ಯಾಪಿನಲ್ಲೇ ನಮ್ಮಂಥವರು ಕಾಲೇಜು ಬಿಡುವುದು.

ರೇಷ್ಮೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯ ಮನೆಗಳಲ್ಲಿ ದುಡ್ಡು ಹೇಗೆ ಓಡಾಡುತ್ತದೆ ಅಂತ ತಿಳಿಯದೆ ಈ ಫೀಸಿನ ತೊಂದರೆ ಅರ್ಥ ಆಗುವುದಿಲ್ಲ. ಹುಳು ನಾಲ್ಕು ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ದಾಟಿ, ಹಣ್ಣಾಗಿ (ಅಂದರೆ ಗೂಡು ಕಟ್ಟುವಷ್ಟು ಬಲಿತು), ಚಂದ್ರಿಕೆ ಅನ್ನುವ ತಟ್ಟಿಯ ಮೇಲೆ ಗೂಡು ಕಟ್ಟಿ, ಆ ಗೂಡು ಮಾರ್ಕೆಟ್ಟಿಗೆ ಹೋಗಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಅಲ್ಲಿಯ ತನಕ ಬರೀ ಖರ್ಚು. ಗೂಡಿನ ದುಡ್ಡು ಬಂದ ನಾಲ್ಕೈದು ದಿನ ಮನೆಯಲ್ಲಿ ಕಾಸು ಕಾಣುತ್ತದೆ, ಆಮೇಲೆ ಜಮೀನಿನವರ ಪಾಲು, ಅಂಗಡಿ ಸಾಲ, ಮುಂದಿನ ಬೆಳೆಯ ಚಾಕಿ ಹುಳು (ಮರಿ ಹುಳು) ಅಂತ ಕರಗಿ ಹೋಗುತ್ತದೆ. ಹಾಲುತೊಂಡೆಯೋ ಸುಣ್ಣಕಟ್ಟೋ ಅಂತ ಹುಳುವಿಗೆ ರೋಗ ಬಂದರೆ ಅದೂ ಇಲ್ಲ, ಹುಳುವನ್ನೆಲ್ಲ ಗುಂಡಿಗೆ ಹಾಕಿ ಮನೆ ತೊಳೆದು ಮತ್ತೆ ಮೊದಲಿನಿಂದ. ಇನ್ನು ಬೆಳೆ ಚೆನ್ನಾಗಿ ಬಂದ ತಿಂಗಳೇ ರೇಟು ಬೀಳುವುದು ಮಾಮೂಲಿ, ಅದನ್ನು ಹೇಳಲು ಹೋದರೆ ಇನ್ನೊಂದು ಪತ್ರವೇ ಆಗುತ್ತದೆ.

ನಾಲ್ಕನೇ ಜ್ವರ ಎದ್ದ ಮೇಲಂತೂ ಹುಳು ತಿನ್ನುವುದು ನೋಡಬೇಕು ನೀವು. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ರಾತ್ರಿಯೂ ಹಾಕಬೇಕು. ಹಣ್ಣಾದ ಹುಳು ಆಯ್ದು ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಆ ದಿನ ಕಾಲೇಜಿಗೆ ಹೋಗುತ್ತೇನೆ ಅನ್ನುವ ಧೈರ್ಯ ನನಗಂತೂ ಇಲ್ಲ. ಹುಳುವಿಗೆ ಇಂಟರ್ನಲ್ಸ್ ಗೊತ್ತಾಗುವುದಿಲ್ಲವಲ್ಲ. ಕಾಲೇಜಿನವರಿಗೆ 75 ಪರ್ಸೆಂಟ್ ಹಾಜರಿ ಬೇಕೇ ಬೇಕು. ಹಾಗಾಗಿ ಒಂದು ಸೆಮಿಸ್ಟರಿನಲ್ಲಿ ಎಷ್ಟು ಬೆಳೆ ಬಂದಾವು, ಎಷ್ಟು ದಿನ ತಪ್ಪಬಹುದು ಅಂತ ಲೆಕ್ಕ ಹಾಕಿಕೊಂಡೇ ಡಿಗ್ರಿ ಓದುವ ಹುಡುಗ ಹುಡುಗಿಯರು ನಮ್ಮ ತಾಲ್ಲೂಕಿನಲ್ಲಿ ತುಂಬಾ ಜನ ಇದ್ದಾರೆ. ಲೆಕ್ಚರರ್‌ಗಳಿಗೂ ಗೊತ್ತು. ಕೆಲವರು ನೋಡಿಯೂ ನೋಡದ ಹಾಗೆ ಇರುತ್ತಾರೆ, ಅವರಿಗೆ ಪುಣ್ಯ ಬರಲಿ.

ಈಗ ಫೀಸಿನ ಕಡೆ ಬನ್ನಿ. ಸರ್ಕಾರಿ ಕಾಲೇಜಿನಲ್ಲಿ ಫೀಸು ಕಡಿಮೆಯೇ, ಒಪ್ಪುತ್ತೇನೆ. ಆದರೆ ಕೊನೇ ದಿನಾಂಕ ಅಂತ ಒಂದು ಇರುತ್ತದಲ್ಲ, ಅದು ಗೂಡು ಮಾರಿದ ವಾರವೇ ಬರಬೇಕು ಅಂತೇನಿಲ್ಲ. ಅಡ್ಮಿಷನ್, ಆಮೇಲೆ ಪರೀಕ್ಷೆ ಫೀಸು, ಲ್ಯಾಬ್ ರೆಕಾರ್ಡು, ಪುಸ್ತಕ. ಹಾಸ್ಟೆಲ್ ಸೀಟು ಸಿಗದಿದ್ದರೆ ನಾಲ್ಕು ಜನ ಸೇರಿ ಹಿಡಿದ ರೂಮಿನ ಬಾಡಿಗೆ, ಅದಕ್ಕೊಂದು ಅಡ್ವಾನ್ಸು. ಆಗ ಏನು ಮಾಡುತ್ತಾರೆ? ಅಮ್ಮ ಮಹಿಳಾ ಸಂಘದಲ್ಲಿ ಸಾಲ ತೆಗೆಯುತ್ತಾರೆ. ಅಲ್ಲಿ ಸರದಿ ಬರದಿದ್ದರೆ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ. ಅದೂ ಆಗದವರು ಮೈಕ್ರೊ ಫೈನಾನ್ಸಿನವರ ಹತ್ತಿರ ಹೋಗುತ್ತಾರೆ, ಅವರ ವಾರದ ಕಂತು ಹೇಗಿರುತ್ತದೆ ಅಂತ ನಿಮ್ಮ ಪತ್ರಿಕೆಯಲ್ಲೇ ಎಷ್ಟೋ ಸಲ ಬಂದಿದೆ, ಬಿಡಿ.

ನನ್ನ ಸ್ಕಾಲರ್‌ಶಿಪ್ ಬಂದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಬಂದಿದೆ. ಆದರೆ ಯಾವ ವರ್ಷಕ್ಕೆ ಅರ್ಜಿ ಹಾಕಿದ್ದೆನೋ ಆ ವರ್ಷದ ಫೀಸು ಕಟ್ಟಿ, ಪರೀಕ್ಷೆ ಬರೆದು, ರಿಸಲ್ಟೂ ಬಂದ ಮೇಲೆ ಬಂತು. ಅಷ್ಟರಲ್ಲಿ ಅಮ್ಮ ಸಂಘಕ್ಕೆ ಬಡ್ಡಿ ಕಟ್ಟಿಕೊಂಡೇ ಇದ್ದರು. ತಡ ಮಾಡಿದವರು ಒಬ್ಬರು, ಬಡ್ಡಿ ಕಟ್ಟಿದವರು ಇನ್ನೊಬ್ಬರು. ಇದಕ್ಕೆ ಏನು ಹೇಳುತ್ತೀರಿ? ತಡವಾದಷ್ಟು ತಿಂಗಳಿಗೆ ಬಡ್ಡಿ ಸೇರಿಸಿ ಕೊಡಿ ಅಂದರೆ ನಗುತ್ತಾರೆ. ಅದೇ ನಾವು ಕರೆಂಟ್ ಬಿಲ್ಲು ತಡವಾಗಿ ಕಟ್ಟಿದರೆ ಯಾರೂ ನಗುವುದಿಲ್ಲ.

ಏನೇನು ಇದೆ ಅಂತ ಒಂದಿಷ್ಟು ಇಲ್ಲೇ ಬರೆಯುತ್ತೇನೆ, ಓದುವ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗಲಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ವಿದ್ಯಾಸಿರಿ ಇದೆ. ಶುರುವಾದಾಗ ಅದು ತಿಂಗಳಿಗೆ 1500 ರೂಪಾಯಿ, ವರ್ಷಕ್ಕೆ 10 ತಿಂಗಳು. ರೈತರ ಮಕ್ಕಳಿಗೆ 2021ರಲ್ಲಿ ಬಂದ ರೈತ ವಿದ್ಯಾನಿಧಿ ಇದೆ, ಅದರಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5000, ಹುಡುಗಿಯರಿಗೆ 5500. ಎಂಜಿನಿಯರಿಂಗ್, ಮೆಡಿಕಲ್, ಪಿ.ಜಿ. ಓದುವವರಿಗೆ 10,000 ಮತ್ತು 11,000. ಮೊದಲು ಜಮೀನು ಇದ್ದವರ ಮಕ್ಕಳಿಗೆ ಮಾತ್ರ ಇತ್ತು. ಪಹಣಿ ಬೇರೆಯವರ ಹೆಸರಿನಲ್ಲಿ ಇರುವ ನಮ್ಮಪ್ಪನಂಥವರು, ದಿನಾ ಮಣ್ಣಿನಲ್ಲೇ ಇದ್ದರೂ, ಕಂಪ್ಯೂಟರ್ ಲೆಕ್ಕದಲ್ಲಿ ರೈತರಲ್ಲ. ಆಮೇಲೆ ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರು, ಆಟೊ ಓಡಿಸುವವರ ಮಕ್ಕಳನ್ನೂ ಸೇರಿಸಿದರು, ಅದು ಸರಿಯಾದ ಕೆಲಸ. ಸಿಇಟಿ ಬರೆದು ವೃತ್ತಿಪರ ಕೋರ್ಸಿಗೆ ಸೇರುವ ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲ ಇದೆ, ವರ್ಷಕ್ಕೆ 1 ಲಕ್ಷದ ತನಕ, ಬಡ್ಡಿ ಬರೀ 2 ಪರ್ಸೆಂಟ್. ಅಲ್ಪಸಂಖ್ಯಾತರ ನಿಗಮದಲ್ಲೂ ಇದೇ ಹೆಸರಿನ ಸಾಲ ಇದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಡಿಗ್ರಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್‌ನವರು ವರ್ಷಕ್ಕೆ 30,000 ರೂಪಾಯಿ ಕೊಡುತ್ತಾರೆ, ಕೋರ್ಸ್ ಮುಗಿಯುವ ತನಕ ಪ್ರತಿ ವರ್ಷ. ಇದು ನಮ್ಮ ಕಡೆ ತುಂಬಾ ಮನೆಗಳ ದಿಕ್ಕನ್ನೇ ಬದಲಾಯಿಸುವ ದುಡ್ಡು. ಆದರೆ ಊರಿನ ಹತ್ತಿರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಸೈನ್ಸ್ ಇಲ್ಲ ಅಂತ ಪಕ್ಕದ ಖಾಸಗಿ ಕಾಲೇಜಿಗೆ ಸಾಲ ಮಾಡಿ ಸೇರಿದ ಹುಡುಗಿಗೆ ಇದು ಸಿಗುವುದಿಲ್ಲ. ಅವಳೂ ಬಡವಳೇ ಅಲ್ವಾ?

ಇಷ್ಟೆಲ್ಲ ಇದ್ದರೂ ನಮ್ಮ ಊರಿನ ಹುಡುಗಿಯರು ಕಾಲೇಜಿಗೆ ಬರುವುದನ್ನು ನಿಜವಾಗಿ ಜಾಸ್ತಿ ಮಾಡಿದ್ದು ಯಾವುದು ಗೊತ್ತಾ? ಬಸ್ಸು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಆಧಾರ್ ತೋರಿಸಿದರೆ ಸಾಕು, ಟಿಕೆಟ್ಟಿಗೆ ದುಡ್ಡಿಲ್ಲ. ಅರ್ಜಿ ಇಲ್ಲ, ಪೋರ್ಟಲ್ ಇಲ್ಲ, ಆದಾಯ ಪ್ರಮಾಣ ಪತ್ರ ಇಲ್ಲ, ಮುಖ್ಯವಾಗಿ ಕಾಯುವುದು ಇಲ್ಲ. ಬಸ್ಸು ಹತ್ತಿದ ಕ್ಷಣಕ್ಕೇ ಉಪಯೋಗ. ಚಿಂತಾಮಣಿ, ಶಿಡ್ಲಘಟ್ಟ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ ಇರುವ ರೂಟುಗಳಲ್ಲಿ ಇದು ನಡೆಯುವುದಿಲ್ಲ ಅನ್ನುವುದೂ ನಿಜ, ಸರ್ಕಾರಿ ಬಸ್ಸಿಗೆ ಕಾಯುತ್ತಾ ಫಸ್ಟ್ ಪೀರಿಯಡ್ ಹೋಗುವುದೂ ನಿಜ. ಆದರೂ ನಾನು ಹೇಳುವುದು ಇಷ್ಟೇ. ಬಸ್ಸಿನ ದುಡ್ಡನ್ನು ಮೊದಲು ನೀವೇ ಕೊಡಿ, ಮುಂದಿನ ವರ್ಷ ಪರಿಶೀಲಿಸಿ ವಾಪಸ್ ಹಾಕುತ್ತೇವೆ ಅಂದಿದ್ದರೆ ಎಷ್ಟು ಜನ ಹುಡುಗಿಯರು ಬಸ್ಸು ಹತ್ತುತ್ತಿದ್ದರು? ಸ್ಕಾಲರ್‌ಶಿಪ್ ನಡೆಯುತ್ತಿರುವುದು ಹೀಗೇ.

ಇನ್ನು ಕಾಗದ ಪತ್ರ. ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ನಂಬರ್, ಅಪ್ಪ ಅಮ್ಮನ ಆಧಾರ್, ದಾಖಲೆಗಳ ಇ-ದೃಢೀಕರಣ, ಕಾಲೇಜಿನ ರಿಜಿಸ್ಟರ್ ನಂಬರ್. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ ಇದ್ದು ಆಧಾರ್‌ನಲ್ಲಿ ಮುಂದೆ ಇದ್ದರೆ ಮುಗೀತು, ಹೆಸರು ತಾಳೆ ಆಗಲಿಲ್ಲ ಅಂತ ಬರುತ್ತದೆ. ಹಾಗಂತ ಎಲ್ಲೂ ಬಿಡಿಸಿ ಹೇಳುವುದಿಲ್ಲ, ಸುಮ್ನೆ ಅರ್ಜಿ ಅಲ್ಲೇ ನಿಂತಿರುತ್ತದೆ. ಸೈಬರ್ ಅಂಗಡಿಯಣ್ಣ ಯಾರದೋ ಮೊಬೈಲ್ ನಂಬರ್ ಹಾಕಿರುತ್ತಾನೆ, ಒಟಿಪಿ ಅವರಿಗೆ ಹೋಗುತ್ತದೆ.

ನನ್ನ ಗೆಳತಿ ಒಬ್ಬಳ ಕಥೆ ಹೇಳಲೇಬೇಕು. ಪೋರ್ಟಲ್‌ನಲ್ಲಿ ದುಡ್ಡು ಜಮಾ ಆಗಿದೆ ಅಂತ ತೋರಿಸುತ್ತಿತ್ತು, ಅವಳ ಪಾಸ್‌ಬುಕ್ಕಿನಲ್ಲಿ ಮಾತ್ರ ಇಲ್ಲ. ಬ್ಯಾಂಕಿನವರು ಕಾಲೇಜಿಗೆ ಹೋಗಿ ಅಂದರು, ಕಾಲೇಜಿನವರು ಇಲಾಖೆಗೆ ಹೋಗಿ ಅಂದರು, ಇಲಾಖೆಯವರು ಮತ್ತೆ ಬ್ಯಾಂಕಿಗೆ. ಕೊನೆಗೆ ಗೊತ್ತಾಗಿದ್ದು ಏನಪ್ಪಾ ಅಂದರೆ, ಹಿಂದೊಮ್ಮೆ ಮೊಬೈಲ್ ಅಂಗಡಿಯಲ್ಲಿ ಹೊಸ ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಲ್ಲ, ಆಗ ಅವಳಿಗೆ ಹೇಳದೆಯೇ ಅವಳ ಹೆಸರಿನಲ್ಲಿ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿದ್ದರು. ಸರ್ಕಾರದ ದುಡ್ಡು ಕೊನೆಯದಾಗಿ ಆಧಾರ್ ಜೋಡಣೆ ಆದ ಖಾತೆಗೆ ಹೋಗುತ್ತದೆ, ಅರ್ಜಿ ಹಾಕುವಾಗ ಯಾವ ಪಾಸ್‌ಬುಕ್ ಕೊಟ್ಟೆವು ಅನ್ನುವುದು ಲೆಕ್ಕಕ್ಕಿಲ್ಲ. ಇದು ಎಷ್ಟು ಜನಕ್ಕೆ ಗೊತ್ತು? 'ಡಿಬಿಟಿ ಕರ್ನಾಟಕ' ಆ್ಯಪಿನಲ್ಲಿ ದುಡ್ಡು ಯಾವ ಬ್ಯಾಂಕಿಗೆ ಹೋಗಿದೆ ಅಂತ ನೋಡಬಹುದು. ಅದನ್ನು ಮೊದಲ ದಿನವೇ ಹೇಳುವವರು ಒಬ್ಬರು ಇದ್ದಿದ್ದರೆ ಆ ಹುಡುಗಿ ಅಷ್ಟು ಅಲೆಯಬೇಕಿರಲಿಲ್ಲ, ಅವಳ ಅಪ್ಪ "ಇದೆಲ್ಲ ನಮಗಲ್ಲ ಬಿಡು" ಅನ್ನುತ್ತಲೂ ಇರಲಿಲ್ಲ. ಅವರ ಮನೆಯಲ್ಲಿ ಅಣ್ಣನೋ ಅಕ್ಕನೋ ಮೊದಲೇ ಡಿಗ್ರಿ ಓದಿದ್ದರೆ ಒಂದೇ ಮಾತಿನಲ್ಲಿ ಮುಗಿಯುವ ವಿಷಯ ಅದು. ಮೊದಲ ತಲೆಮಾರಿನವರಿಗೆ ದುಡ್ಡಿನಷ್ಟೇ ಕೊರತೆ ಇರುವುದು ಇದರದ್ದು, ಕೇಳೋಣ ಅಂದರೆ ಮನೆಯಲ್ಲಿ ಯಾರೂ ಇಲ್ಲ.

ಬ್ಯಾಂಕ್ ಸಾಲದ ವಿಷಯವನ್ನೂ ಹೇಳಿಬಿಡುತ್ತೇನೆ. ಎಂ.ಎಸ್ಸಿ. ಓದಬೇಕು ಅಂತ ನನ್ನ ಆಸೆ. ಶಿಕ್ಷಣ ಸಾಲ ಕೇಳೋಣ ಅಂತ ಅಪ್ಪನ ಜೊತೆ ಒಂದು ಬ್ಯಾಂಕಿಗೆ ಹೋದೆ. ಹೆಸರು ಬೇಡ. 4 ಲಕ್ಷದ ತನಕದ ಶಿಕ್ಷಣ ಸಾಲಕ್ಕೆ ಯಾವ ಆಸ್ತಿಯನ್ನೂ ಅಡ ಇಡಿಸಿಕೊಳ್ಳಬಾರದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ, ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ ಅಂತಲೂ ಇದೆ. ನಾನು ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಅವರು ಅಪ್ಪನನ್ನು ಕೇಳಿದ ಮೊದಲ ಪ್ರಶ್ನೆ, "ಐ.ಟಿ. ರಿಟರ್ನ್ ಇದೆಯಾ?" ಎರಡನೆಯದು, "ಜಮೀನು, ಸೈಟು ಏನಾದರೂ ಇದೆಯಾ?" ಅಪ್ಪ ಎರಡಕ್ಕೂ ಇಲ್ಲ ಅಂದರು. "ಹಾಗಾದರೆ ಕಷ್ಟ ಆಗುತ್ತೆ ಯಜಮಾನ್ರೇ" ಅಂದು ಫೈಲು ವಾಪಸ್ ಕೊಟ್ಟರು. ನಾನು ನಿಯಮ ಹೇಳಲು ಹೋದೆ. "ಇವಳು ಚೆನ್ನಾಗಿ ಮಾತಾಡ್ತಾಳೆ" ಅಂತ ಅಪ್ಪನಿಗೆ ಹೇಳಿದರು, ನನಗೆ ಉತ್ತರ ಕೊಡಲಿಲ್ಲ. ಆಗುವುದಿಲ್ಲ ಅನ್ನುವುದನ್ನು ಒಂದು ಕಾಗದದಲ್ಲಿ ಬರೆದು ಕೊಡಿ ಅಂತ ಕೇಳಿದ್ದಕ್ಕೆ ಅದೂ ಇಲ್ಲ. ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ತಿರಸ್ಕಾರ ಆಗಿದೆ ಅನ್ನುವ ಲೆಕ್ಕವೂ ಎಲ್ಲೂ ಬರುವುದಿಲ್ಲ ನೋಡಿ.

2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪಿ.ಎಂ. ವಿದ್ಯಾಲಕ್ಷ್ಮಿ ಅಂತ ತಂದಿತು. ಅಡಮಾನ ಬೇಡ, ಜಾಮೀನುದಾರರೂ ಬೇಡ. ಕೇಳಲು ಚೆನ್ನಾಗಿದೆ. ಆದರೆ ಅದು ದೇಶದ 860 ಒಳ್ಳೇ ರ‍್ಯಾಂಕಿನ ಸಂಸ್ಥೆಗಳಿಗೆ ಅಂತ ಶುರುವಾಗಿದ್ದು. ಊರಿಂದ ಓಡಾಡಿಕೊಂಡು ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಓದುವವರಿಗೆ ಆ ಪಟ್ಟಿ ತುಂಬಾ ದೂರ.

ಕಾಲೇಜಿನ ಕಾರ್ಯಕ್ರಮಗಳಲ್ಲಿ ಒಂದು ಭಾಷಣ ಕಾಯಂ. ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು, ನೀವೂ ಹಾಗೇ ಕಷ್ಟಪಡಬೇಕು ಅಂತ. ಎಚ್‌.ಎನ್. ಬಗ್ಗೆ ನನಗೂ ತುಂಬಾ ಗೌರವ ಇದೆ. ಆದರೆ ಭಾಷಣ ಮಾಡುವವರು ನಡೆದಿದ್ದನ್ನೇ ಹೇಳಿ ಕೂತುಬಿಡುತ್ತಾರೆ. ಆ ಮನುಷ್ಯ ಬಾಗೇಪಲ್ಲಿಯಂಥ ಗಡಿ ಊರಿಗೆ ನ್ಯಾಷನಲ್ ಕಾಲೇಜು ತಂದರು, ತಾವು ಜೀವನ ಪೂರ್ತಿ ಹಾಸ್ಟೆಲ್ ರೂಮಿನಲ್ಲೇ ಇದ್ದರು. ತಾನು ನಡೆದ ಹಾಗೆ ಮುಂದಿನ ಮಕ್ಕಳು ನಡೆಯಬಾರದು ಅಂತ ತಾನೇ ಅವರು ಅದನ್ನೆಲ್ಲ ಮಾಡಿದ್ದು? ನಮಗೆ ಮಾತ್ರ ಇನ್ನೂ ನಡೆಯುವ ಕಥೆಯೇ ಹೇಳುತ್ತಾರೆ. ಕಷ್ಟಪಟ್ಟರೆ ಒಳ್ಳೇದಾಗುತ್ತದೆ ಅಂತ ನಮ್ಮ ಅಪ್ಪ ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅವರು ಅದನ್ನೇ ಮಾಡುತ್ತಿರುವುದು.

ಹಾಗಾದರೆ ಏನು ಮಾಡಬೇಕು ಅಂತ ಕೇಳಬಹುದು. ನನಗೆ ತೋಚಿದ್ದು ಹೇಳುತ್ತೇನೆ. ಕಳೆದ ವರ್ಷ ಸ್ಕಾಲರ್‌ಶಿಪ್ ಮಂಜೂರಾದ ವಿದ್ಯಾರ್ಥಿಯ ಜಾತಿ ಈ ವರ್ಷ ಬದಲಾಗಿರುವುದಿಲ್ಲ. ಆದಾಯ ಪ್ರಮಾಣ ಪತ್ರವನ್ನೇ ಸರ್ಕಾರ 5 ವರ್ಷಕ್ಕೆ ಕೊಡುತ್ತದೆ. ಪಾಸಾಗಿದ್ದಾನೋ ಇಲ್ಲವೋ ಅನ್ನುವುದು ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿದೆ. ಹಾಗಿದ್ದ ಮೇಲೆ ಎರಡನೇ, ಮೂರನೇ ವರ್ಷದವರಿಗೆ ಕಾಲೇಜು ಶುರುವಾದ ತಿಂಗಳೇ ಅರ್ಧ ದುಡ್ಡಾದರೂ ಹಾಕಲು ಏನು ಅಡ್ಡಿ? ಉಳಿದರ್ಧ ಪರಿಶೀಲನೆ ಆದ ಮೇಲೆ ಹಾಕಲಿ. ಹೊಸದಾಗಿ ಸೇರುವವರ ವಿಷಯದಲ್ಲಿ, ಅರ್ಜಿ ಹಾಕಿದ ಸ್ವೀಕೃತಿ ತೋರಿಸಿದರೆ ದುಡ್ಡು ಬರುವ ತನಕ ಫೀಸು ಕೇಳಬಾರದು ಅಂತ ಖಾಸಗಿ ಕಾಲೇಜುಗಳಿಗೂ ಕಟ್ಟುನಿಟ್ಟಾಗಿ ಹೇಳಲಿ, ಹಾಲ್ ಟಿಕೆಟ್ ಹಿಡಿದಿಟ್ಟುಕೊಳ್ಳುವ ಆಟ ನಿಲ್ಲಲಿ.

ಪ್ರತಿ ಕಾಲೇಜಿನಲ್ಲೂ ಸ್ಕಾಲರ್‌ಶಿಪ್ ನೋಡಿಕೊಳ್ಳುವವರು ಅಂತ ಒಬ್ಬರು ಇರುತ್ತಾರೆ, ಆದರೆ ಅವರಿಗೆ ಅದರ ಜೊತೆ ಇನ್ನೂ ಹತ್ತು ಕೆಲಸ ಇರುತ್ತದೆ, ಪಾಪ. ಗ್ರಾಮ ಪಂಚಾಯಿತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಬೋರ್ಡು ಹಾಕಿದ್ದಾರೆ, ಕೆಲವು ಕಡೆ ಕಂಪ್ಯೂಟರೂ ಇದೆ. ಅರ್ಜಿಯ ಸೀಸನ್ನಿನಲ್ಲಿ ಸಂಜೆ ಹೊತ್ತು ಅಲ್ಲಿ ಇದನ್ನು ತಿಳಿದವರು ಒಬ್ಬರು ಕೂತರೆ ಸಾಕು, ಅರ್ಧ ಅರ್ಜಿಗಳು ನಿಲ್ಲದೆ ಮುಂದಕ್ಕೆ ಹೋಗುತ್ತವೆ. ನಮ್ಮಂಥ ಫೈನಲ್ ಇಯರ್ ವಿದ್ಯಾರ್ಥಿಗಳಿಗೇ ಒಂದು ದಿನ ತರಬೇತಿ ಕೊಟ್ಟು ಕೂರಿಸಲಿ, ನಾವು ಬರುತ್ತೇವೆ. ಈ ಫಾರಂಗಳು ನಮಗೆ ಬಾಯಿಪಾಠ ಆಗಿವೆ. ಬ್ಯಾಂಕಿನವರು ಸಾಲ ಕೊಡಲಿ ಬಿಡಲಿ, ಅರ್ಜಿ ತೆಗೆದುಕೊಂಡು ರಸೀದಿ ಕೊಡಲಿ, ಆಗದಿದ್ದರೆ ಯಾಕೆ ಅಂತ ಬರೆದು ಕೊಡಲಿ. ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರ್ ಅಂತ ಒಬ್ಬರು ಇರುತ್ತಾರೆ, ಅಂಥ ಕಾಗದ ಕೈಯಲ್ಲಿದ್ದರೆ ಅವರ ಹತ್ತಿರವಾದರೂ ಹೋಗಬಹುದು.

ನಿಮಗೂ ಒಂದು ಮನವಿ ಇದೆ. ನಮ್ಮಪ್ಪ ಪತ್ರಿಕೆಯಲ್ಲಿ ದಿನಾ ನೋಡುವುದು ಒಂದೇ, ಗೂಡಿನ ಧಾರಣೆ. ಶಿಡ್ಲಘಟ್ಟ ಎಷ್ಟು, ರಾಮನಗರ ಎಷ್ಟು ಅಂತ ಬೆರಳಿಟ್ಟು ನೋಡುತ್ತಾರೆ. ಅದರ ಪಕ್ಕದಲ್ಲೇ ಒಂದು ಸಣ್ಣ ಬಾಕ್ಸ್ ಹಾಕಿ. ಈ ವಾರ ಯಾವ ಸ್ಕಾಲರ್‌ಶಿಪ್ಪಿಗೆ ಅರ್ಜಿ ಶುರುವಾಗಿದೆ, ಕೊನೇ ದಿನ ಯಾವುದು, ಯಾರ ಮಕ್ಕಳಿಗೆ, ಯಾವ ದಾಖಲೆ ಬೇಕು, ಅಷ್ಟು ಸಾಕು. ಧಾರಣೆ ನೋಡುವ ಎಲ್ಲ ಮನೆಗಳಲ್ಲೂ ಓದುವ ಮಕ್ಕಳಿದ್ದಾರೆ. ಮಾಹಿತಿ ಸೇರಿಸಿ ಕಳಿಸುವ ಕೆಲಸಕ್ಕೆ ಜನ ಬೇಕಿದ್ದರೆ ನಮ್ಮ ಕ್ಲಾಸಿನಲ್ಲೇ ನಾಲ್ಕೈದು ಜನ ತಯಾರಿದ್ದೇವೆ, ಪ್ರತಿ ವಾರ ಕಳಿಸುತ್ತೇವೆ, ತಪ್ಪಿದ್ದರೆ ತಿದ್ದಿ ಹಾಕಿಕೊಳ್ಳಿ. ಮುಂದಿನ ಅಡ್ಮಿಷನ್ ಶುರುವಾಗುವುದರೊಳಗೆ ಆದರೆ ಒಳ್ಳೇದು.

ಇಂತಿ,
ಅಂತಿಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ